ಗೋಡೆ ಗಡಿಯಾರಕ್ಕೆ ಬದಲಾಗಿ ಬಂದ ಎಂಜಿನ್

ಇದನ್ನು ಬರೆಯಬೇಕೆಂದು ಹಿಂದೆ ಮೂರು ಸಲ ಕೂತಿದ್ದೆ. ಮೂರು ಸಲವೂ ಎಂಜಿನ್ನಿನ ವಿವರ ಬರೆದೆ, ಅದರ ಬೆಲೆ ಬರೆದೆ, ನನ್ನ ವಿಷಯ ಬರುವ ಹೊತ್ತಿಗೆ ಏನೋ ಕೆಲಸ ನೆನಪಾಗಿ ಎದ್ದು ಹೋದೆ. ಈಗ ಹಾಗೆ ಎದ್ದು ಹೋಗಲು ಯಾವ ಕೆಲಸವೂ ಉಳಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲು ಮುಗಿಸಿದ ನಾನು ಕುಮಟೆಯ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಾರವಿಡೀ ಅಲ್ಲೇ ಒಂದು ಬಾಡಿಗೆ ಕೋಣೆ, ಭಾನುವಾರಕ್ಕೆ ಹೊನ್ನಾವರದ ಮನೆ. ನನಗಿದ್ದದ್ದು ಒಂದೇ ಹುಚ್ಚು: ಸಣ್ಣ ದೋಣಿಗಳನ್ನು ಮಾಡುವುದು. ಹಾಲವಾಣದ ಹಗುರ ಮರ ತಂದು ಕೊರೆದು, ಉಜ್ಜಿ, ಬಣ್ಣ ಬಳಿದು, ಎರಡಡಿ ಉದ್ದದ ದೋಣಿ ಮಾಡುತ್ತಿದ್ದೆ. ಸೈಕಲ್ ಟ್ಯೂಬಿನ ಪಟ್ಟಿ ತಿರುಚಿ ಬಿಟ್ಟರೆ ಅದು ಹತ್ತು ಮಾರು ಓಡಿ ನಿಂತುಬಿಡುತ್ತಿತ್ತು. ಆಮೇಲೆ ನಾನು ಈಜಿ ಹೋಗಿ ತರಬೇಕು.

ಅಂಗಡಿಗೆ ಪೊಟ್ಟಣ ಕಟ್ಟಲು ಬರುತ್ತಿದ್ದ ರದ್ದಿಯಲ್ಲಿ ಒಮ್ಮೆ ಇಂಗ್ಲಿಷ್ ಪತ್ರಿಕೆಯೊಂದರ ಹಾಳೆ ಸಿಕ್ಕಿತು. ಅದರಲ್ಲಿ ದೋಣಿಯೊಳಗೆ ಕೂರಿಸುವ ಎಂಜಿನ್ನಿನ ಚಿತ್ರವಿತ್ತು. ಹಸಿ ಅಡಿಕೆಗಿಂತ ಸ್ವಲ್ಪ ದೊಡ್ಡದು. ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್, ಹರಳೆಣ್ಣೆ ಮತ್ತು ನೈಟ್ರೋ ಎಂಬ ಒಂದು ದ್ರವ ಸೇರಿಸಿದ ಮಿಶ್ರಣ. ನಾನು ಮುಂಬಯಿಯ ಒಂದು ಅಂಗಡಿಗೆ ಕಾಗದ ಬರೆದೆ. ಬೆಲೆಪಟ್ಟಿ ಬಂತು. ಎಂಜಿನ್ನಿಗೆ ತೊಂಬತ್ತೆರಡು ರೂಪಾಯಿ, ಟಪಾಲು ಖರ್ಚು ಬೇರೆ. ನನ್ನ ಸಂಬಳ ಅರವತ್ತು. ಪಟ್ಟಿಯ ಕೆಳಗೆ ಶಾಯಿಯಲ್ಲಿ ಬರೆದಿದ್ದರು: ಸದ್ಯ ದಾಸ್ತಾನಿಲ್ಲ, ಇಂಥ ಸಾಮಾನಿಗೆ ಆಮದು ಪರವಾನಗಿ ಸಿಗುತ್ತಿಲ್ಲ.

ನಾನು ಹಣ ಕೂಡಿಡತೊಡಗಿದೆ. ಮರುವರ್ಷ ಬರೆದಾಗ ಬೆಲೆ ನೂರ ಮೂವತ್ತು, ದಾಸ್ತಾನು ಇಲ್ಲ. ಮತ್ತೊಮ್ಮೆ ಬರೆದಾಗ, ಯಾರೋ ಬಳಸಿದ ಒಂದು ಎಂಜಿನ್ ಇದೆ, ನೂರ ಎಂಬತ್ತಾದರೆ ಕೊಡುತ್ತಾರೆ ಎಂದರು. ನಾನು ಸಾಲ ಕೇಳಿ ಹೊಂದಿಸುವಷ್ಟರಲ್ಲಿ ಅದೂ ಮಾರಿಹೋಗಿತ್ತು. ಬೆಲೆಪಟ್ಟಿಯನ್ನು ಮಾತ್ರ ಹಾಸಿಗೆಯಡಿ ಇಟ್ಟುಕೊಂಡಿದ್ದೆ. ಮಡಿಕೆ ಇದ್ದಲ್ಲಿ ಅದು ಹರಿದು ನಾಲ್ಕು ತುಂಡಾಗಿತ್ತು.

ನನ್ನ ಅಕ್ಕನನ್ನು ಭಟ್ಕಳಕ್ಕೆ ಕೊಟ್ಟಿತ್ತು. ಭಾವನದು ಪೇಟೆಯಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಏಳನೇ ಇಯತ್ತೆಯವರೆಗೆ ಓದಿದವರು, ಆದರೆ ಕೈಯಲ್ಲಿ ಹಿಡಿದ ಯಾವ ಯಂತ್ರವೂ ಅವರ ಮಾತು ಕೇಳುತ್ತಿತ್ತು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನೂ ಅವರು ನನ್ನನ್ನೂ ಭಾವ ಎಂದೇ ಕರೆಯುವುದು. ಒಂದು ಭಾನುವಾರ ಅಲ್ಲಿಗೆ ಹೋದಾಗ ಅವರು ಮೇಜಿನ ಖಾನೆಯಿಂದ ಒಂದು ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟರು.

"ನೋಡು ಭಾವ, ಇದೆಂತದು ಹೇಳು."

ಮುಚ್ಚಳ ತೆಗೆದೆ. ಪತ್ರಿಕೆಯಲ್ಲಿದ್ದ ಅದೇ ಎಂಜಿನ್. ಎಣ್ಣೆಕಾಗದ ಸುತ್ತಿದ ಹೊಸ ಎಂಜಿನ್. ಜೊತೆಗೆ ಸೂಚನೆಯ ಹಾಳೆ, ನೈಟ್ರೋ ತುಂಬಿದ ಪುಟ್ಟ ಡಬ್ಬಿ.

"ಎಲ್ಲಿ ಸಿಕ್ಕಿತು?" ಎಂದು ಕೇಳಿದೆ.

"ಜಾಲಿ ಊರಿನ ಬದಿಯ ನವಾಯತ ಸಾಹೇಬರ ಮನೆಯವ್ರು ಕೊಟ್ರು. ಅವರ ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ, ತಂದದ್ದಂತೆ. ಮನೆಯಲ್ಲಿ ಯಾರಿಗೂ ಚಾಲೂ ಮಾಡ್ಲಿಕ್ಕೆ ಬರ್ಲಿಲ್ಲ. ಅವರ ಗೋಡೆ ಗಡಿಯಾರ ಬಿಚ್ಚಿ ತೊಳೆದು ಕೊಟ್ಟಿದ್ದೆ. ದುಡ್ಡು ಬೇಡ ಅಂದೆ, ಇದನ್ನ ಇಟ್ಕೊಳ್ಳಿ ಅಂದ್ರು."

ಗೋಡೆ ಗಡಿಯಾರ ತೊಳೆದದ್ದಕ್ಕೆ. ನಾನು ಮೂರು ವರ್ಷ ಚಹಾ ಬಿಟ್ಟು ಕೂಡಿಟ್ಟ ಹಣಕ್ಕೆ ಸಿಗದ್ದು, ಅದರ ಹೆಸರೂ ಗೊತ್ತಿಲ್ಲದ ಮನುಷ್ಯನ ಮೇಜಿನ ಖಾನೆಗೆ ತಾನೇ ಬಂದು ಕೂತಿತ್ತು. ನಾನು ನಕ್ಕೆ. ಒಳ್ಳೆಯದಾಯಿತು ಭಾವ ಅಂದೆ.

ಅವರು ಜಿಪುಣರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಡಲೇ, "ನಿನ್ನ ದೋಣಿಯೇ ಆಗ್ಬೇಕು ಇದಕ್ಕೆ. ನೀ ಓದಿ ಹೇಳು, ನಾ ಕೂರಿಸ್ತೆ" ಅಂದರು. ನಾನು ಇಂಗ್ಲಿಷ್ ಹಾಳೆಯನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದೆ. ಹರಳೆಣ್ಣೆಯ ಹೊರತು ಬೇರೆ ಯಾವ ಎಣ್ಣೆಯೂ ಕೂಡದು, ಒಳಭಾಗ ಒಣಗಿ ಉಜ್ಜಿ ಎಂಜಿನ್ ಹಿಡಿದುಕೊಳ್ಳುತ್ತದೆ ಎಂಬ ಸಾಲಿನ ಕೆಳಗೆ ಗೆರೆ ಇತ್ತು. ಅದನ್ನು ಭಾವ ಎರಡು ಸಲ ಓದಿಸಿದರು. ಮೆಥನಾಲನ್ನು ಹುಬ್ಬಳ್ಳಿಯಿಂದ ನಾನು ತರಿಸಿದೆ. ಹರಳೆಣ್ಣೆ ಅಕ್ಕನದು. ಎಳೆಗೂಸಿನ ನೆತ್ತಿಗೆಂದು ಅವಳೇ ಹರಳು ಹುರಿದು, ಅರೆದು, ನೀರಿನಲ್ಲಿ ಕುದಿಸಿ, ಮೇಲೆ ಬಂದ ಎಣ್ಣೆ ತೆಗೆದು, ನೀರಿನಂಶ ಪೂರ್ತಿ ಹೋಗುವತನಕ ಕಾಯಿಸುತ್ತಿದ್ದಳು. ಅಂಗಡಿಯ ಎಣ್ಣೆಗಿಂತ ಅದೇ ಚೆನ್ನಾಗಿತ್ತು.

ಭಟ್ಕಳದ ಒಂದು ಕೆರೆಯಲ್ಲಿ ಮೊದಲ ಸಲ ಬಿಟ್ಟೆವು. ಭಾವ ಬ್ಯಾಟರಿಯ ತಂತಿ ತಾಗಿಸಿ, ಚಕ್ರಕ್ಕೆ ಹುರಿ ಸುತ್ತಿ ಎಳೆದರು. ಕಿವಿ ತೂತಾಗುವಂಥ ಕಿರಿಚಲು, ಸುಟ್ಟ ಹರಳೆಣ್ಣೆಯ ವಾಸನೆ. ದೋಣಿ ಮೂತಿ ಎತ್ತಿ ಓಡಿತು. ದಂಡೆಯಲ್ಲಿ ನಲವತ್ತು ಐವತ್ತು ಜನ ಸೇರಿದರು. ಎಲ್ಲರೂ ಭಾವನ ಸುತ್ತ.

"ದೋಣಿ ನಮ್ಮ ಭಾವಂದು, ಅವನ ಕೈಕೆಲಸ" ಎಂದು ಅವರು ಒಬ್ಬೊಬ್ಬರಿಗೂ ಹೇಳಿದರು. ಜನ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಎಂಜಿನ್ ನೋಡಿದರು. ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದಳು. ನನ್ನ ರಬ್ಬರಿನ ದೋಣಿಗಳನ್ನು ಮೊದಲು ಹಾಗೆ ನೋಡುತ್ತಿದ್ದವಳು ಅವಳು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದಿಂದ ಬರುವವರು ಬಸ್ಸಿಳಿದು ಲಾಂಚಿನಲ್ಲಿ ಹೊಳೆ ದಾಟಿ ಹೊನ್ನಾವರ ಸೇರಬೇಕು. ಲಾಂಚಿನ ಮಾಲಕರೊಬ್ಬರು ಎಂಜಿನ್ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬೇಕೆಂದು ಹುಡುಕುತ್ತಿದ್ದರು. ಗಡಿಯಾರದ ಅಂಗಡಿಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಭಾವ ಹೋಗಿ ಕೇಳಿದರು. ಗಡಿಯಾರದವನಿಗೆ ಲಾಂಚಿನ ಎಂಜಿನ್ ಎಂತ ಗೊತ್ತು ಎಂದು ಮಾಲಕರು ನಕ್ಕರಂತೆ. ಭಾವ, ಒಂದು ಭಾನುವಾರ ಬೆಳಿಗ್ಗೆ ನನ್ನ ಎಂಜಿನ್ ನೀರಿನ ಮೇಲೆ ಓಡಿಸಿ ತೋರಿಸ್ತೆ, ಆಮೇಲೆ ಹೇಳಿ ಅಂದರಂತೆ. ಮಾಲಕರು ಆತು ಅಂದರು.

ಈ ಕೆಲಸ ಭಾವನಿಗಿಂತ ಅಕ್ಕನಿಗೆ ಹೆಚ್ಚು ಬೇಕಿತ್ತು. ಕೆಲಸ ಸಿಕ್ಕರೆ ಹೊನ್ನಾವರದಲ್ಲೇ ಬಿಡಾರ, ಅಮ್ಮನ ಮನೆ ಎರಡು ಓಣಿ ಆಚೆ. ಅಮ್ಮನಿಗೆ ಆಗಲೇ ಮಂಡಿ ಹಿಡಿದಿತ್ತು. ಅಕ್ಕ ಇಡಗುಂಜಿ ಗಣಪತಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡಿದ್ದಾಳೆ ಎಂದು ಅಮ್ಮ ನನಗೆ ಹೇಳಿದಳು.

ಶನಿವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬಂದರು. ಅಕ್ಕನ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಎರಡೂ ನನ್ನ ಅಂಗಡಿಯ ಕಂದು ಬಣ್ಣದ ಔಷಧದ ಬಾಟಲಿಗಳು, ನಾನೇ ಕೊಟ್ಟವು. ಒಂದರಲ್ಲಿ ಮಗುವಿನ ಮೈಗೆ ತೆಂಗಿನೆಣ್ಣೆ, ಇನ್ನೊಂದರಲ್ಲಿ ಹರಳೆಣ್ಣೆ. ಗುರುತು ತಪ್ಪಬಾರದೆಂದು ಹರಳೆಣ್ಣೆಯದರ ಕುತ್ತಿಗೆಗೆ ಕಪ್ಪು ದಾರ ಕಟ್ಟಿದ್ದಳು.

ಅಳತೆಯ ಗಾಜು ನನ್ನ ಹತ್ತಿರ ಇದ್ದುದರಿಂದ ಮಿಶ್ರಣ ಮಾಡುವ ಕೆಲಸ ಯಾವಾಗಲೂ ನನ್ನದೇ. ಭಾನುವಾರ ಬೆಳಿಗ್ಗೆ ಹಿಂದಿನ ಜಗಲಿಯಲ್ಲಿ ಕೂತೆ. ಒಳಗೆ ಭಾವ ನನ್ನ ಅಮ್ಮನಿಗೆ ಎಂಜಿನ್ನಿನ ಕತೆ ಹೇಳುತ್ತಿದ್ದರು, ಅಮ್ಮ ನಗುತ್ತಿದ್ದಳು. ನನ್ನ ಕೈ ದಾರವಿಲ್ಲದ ಬಾಟಲಿಗೆ ಹೋಯಿತು. ಕೈ ತಪ್ಪಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಪ್ಪಿರಲಿಲ್ಲ. ಮೆಥನಾಲಿನಲ್ಲಿ ತೆಂಗಿನೆಣ್ಣೆ ಬೆರೆಯುವುದಿಲ್ಲ, ಬೇರೆಯೇ ನಿಲ್ಲುತ್ತದೆ ಎಂದು ಅಂಗಡಿಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದವನು ನಾನು. ಜೋರಾಗಿ ಅಲುಗಿಸಿ, ಬೇರೊಂದು ಕಂದು ಬಾಟಲಿಗೆ ತುಂಬಿ, ಬಿರಡೆ ಹಾಕಿದೆ. ಆ ಎಂಜಿನ್ ನನಗೆ ಸಿಗದಿದ್ದ ಮೇಲೆ ಯಾರಿಗೂ ಇರಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಲಾಂಚಿನ ಕೆಲಸದ ಬಗ್ಗೆ, ಅಕ್ಕನ ಬಿಡಾರದ ಬಗ್ಗೆ ಯೋಚಿಸಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಯೋಚನೆ ಬಂತು, ಪಕ್ಕಕ್ಕೆ ಸರಿಸಿದೆ.

ಲಾಂಚು ನಿಲ್ಲುವ ದಕ್ಕೆಯಲ್ಲಿ ಮಾಲಕರು ಕುರ್ಚಿ ಹಾಕಿಸಿ ಕೂತಿದ್ದರು. ದೋಣಿ ಒಂದು ಸುತ್ತು ಹಾಕಿತು. ಮಾಲಕರು ಬೀಡಿ ಬಾಯಿಂದ ತೆಗೆದು ಮುಂದಕ್ಕೆ ಬಾಗಿದರು. ಎರಡನೇ ಸುತ್ತಿನಲ್ಲಿ ಶಬ್ದ ಸಪೂರವಾಗುತ್ತ ಹೋಗಿ, ಕೀ ಎಂದು ಒಮ್ಮೆ ಕೂಗಿ, ನಿಂತುಹೋಯಿತು. ದಡಕ್ಕೆ ತಂದು ಭಾವ ಹುರಿ ಎಳೆದರು. ಚಕ್ರ ಕದಲಲಿಲ್ಲ. ಮತ್ತೆ ಎಳೆದರು. ಹುರಿ ತುಂಡಾಯಿತು.

"ಗಡಿಯಾರ ಆಗಿದ್ರೆ ಕೀಲಿ ಕೊಡ್ಬಹುದಿತ್ತು" ಎಂದರು ಮಾಲಕರು. ಲಾಂಚಿಗೆ ಕಾದಿದ್ದವರೆಲ್ಲ ನಕ್ಕರು.

ಭಾವ ಇನ್ನೊಂದು ವಾರ ಕೊಡಿ ಎಂದು ಮಾಲಕರನ್ನು ಕೇಳುತ್ತ ಅಲ್ಲೇ ನಿಂತರು. ನಾನು ಮೊದಲು ಮನೆಗೆ ಬಂದೆ. ಅಕ್ಕ ಬಚ್ಚಲಲ್ಲಿದ್ದಳು. ಜಗಲಿಯಲ್ಲಿದ್ದ ಹರಳೆಣ್ಣೆಯ ಬಾಟಲಿಯಿಂದ ಕಪ್ಪು ದಾರ ಬಿಚ್ಚಿ ತೆಂಗಿನೆಣ್ಣೆಯ ಬಾಟಲಿಗೆ ಕಟ್ಟಿದೆ. ಗಂಟು ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಭಾವ ಬಂದು ಉಳಿದ ಮಿಶ್ರಣವನ್ನು ಗಾಜಿನ ಲೋಟಕ್ಕೆ ಬಗ್ಗಿಸಿದರು. ಅದು ಎರಡು ಪದರವಾಗಿ ನಿಂತಿತು. ಬೆರಳದ್ದಿ ಮೂಸಿದರು.

"ಇದು ತೆಂಗಿನೆಣ್ಣೆ."

"ದಾರ ಇದ್ದ ಬಾಟ್ಲಿಯದ್ದೇ ಹಾಕಿದ್ದು ನಾನು" ಎಂದೆ.

ಅಕ್ಕ ಓಡಿ ಬಂದು ಎರಡೂ ಬಾಟಲಿ ಎತ್ತಿ ನೋಡಿದಳು. ದಾರ ಇದ್ದದ್ದನ್ನು ಮೂಸಿದಳು.

"ತಮಾ, ನಾನೇ ಕಟ್ಟಿದ್ದೇನೋ ಇದಕ್ಕೆ?"

"ಮತ್ಯಾರು ಕಟ್ತಾರೆ?"

"ಮಗು ಅಳ್ತಾ ಇತ್ತು. ಅವಸರದಲ್ಲಿ..." ಎಂದು ಅವಳು ನಿಲ್ಲಿಸಿದಳು. ಎರಡೂ ಬಾಟಲಿ ಕೆಳಗಿಟ್ಟು, ಹೌದು, ಅವಸರದಲ್ಲಿ ತಪ್ಪಿರಬೇಕು ಎಂದು ಅವಳೇ ಹೇಳಿದಳು. ನಾನು ಹೇಳಿಸಬೇಕಾಗಿ ಬರಲಿಲ್ಲ. ಭಾವ ಬೈಯಲಿಲ್ಲ. ಇರ್ಲಿ ಬಿಡು ಅಂದರು, ಆದರೆ ಆ ದಿನ ಊಟಕ್ಕೆ ಏಳಲಿಲ್ಲ.

ಎಂಜಿನ್ನಿನ ಒಳಗೋಡೆ ಗೀರಿಹೋಗಿತ್ತು. ಬಿಡಿಭಾಗಕ್ಕೆ ನಾನೇ ಮುಂಬಯಿಗೆ ಬರೆದೆ. ಇಡೀ ಎಂಜಿನ್ನೇ ಬರುತ್ತಿಲ್ಲ, ಬಿಡಿಭಾಗ ಎಲ್ಲಿಂದ ತರೋಣ ಎಂದು ಉತ್ತರ ಬಂತು. ಲಾಂಚಿನ ಕೆಲಸಕ್ಕೆ ಕಾರವಾರ ಕಡೆಯ ಒಬ್ಬನನ್ನು ಇಟ್ಟುಕೊಂಡರು.

ಮುಂದಿನ ತಿಂಗಳು ಅಕ್ಕ ಇಡಗುಂಜಿಗೆ ಹೋದಳು. ಜೊತೆಗೆ ನನ್ನನ್ನು ಕರೆದಳು. ಹೇಳಿಕೊಂಡದ್ದು ನಡೆದಿಲ್ಲವಲ್ಲ, ಎಂತಕ್ಕೆ ಎಂದು ಕೇಳಿದೆ. ತಪ್ಪುಕಾಣಿಕೆ ಹಾಕಬೇಕು, ನನ್ನ ಕೈಯಿಂದ ಅವರ ಅನ್ನ ಹೋಯಿತು ಅಂದಳು. ದೇವರ ಮುಂದೆ ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದು ಹಾಕಿ, ಕೆನ್ನೆಗೆ ಬಡಿದುಕೊಂಡಳು. ನಾನು ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಅಲ್ಲಿ ಹೇಳಿದ್ದರೂ ಸಾಕಿತ್ತು. ಮಗುವಿಗೆ ಗಂಟೆ ತೋರಿಸಿದೆ.

ಅವರು ಭಟ್ಕಳದಲ್ಲೇ ಉಳಿದರು. ಅಮ್ಮ ಹಾಸಿಗೆ ಹಿಡಿದ ವರ್ಷ ಅಕ್ಕ ಎರಡು ಮಕ್ಕಳನ್ನು ಕಟ್ಟಿಕೊಂಡು ಬಸ್ಸು, ಲಾಂಚು ಹತ್ತಿ ಇಳಿದು ಬರುತ್ತಿದ್ದಳು, ಸಂಜೆಯೊಳಗೆ ಹೊರಡುತ್ತಿದ್ದಳು. ಮನೆಯಲ್ಲಿ ಆ ವಿಷಯ ಬರಬರುತ್ತ ತಮಾಷೆಯಾಯಿತು. ಎಂಜಿನ್ನಿಗೆ ಎಣ್ಣೆಸ್ನಾನ ಮಾಡಿಸಿದವಳು ಎಂದು ಮಕ್ಕಳು ಹೇಳಿದರೆ ಅವಳೂ ನಗುತ್ತಿದ್ದಳು. ಆದರೆ ಒಗ್ಗರಣೆಗೆ ಎಣ್ಣೆ ಹಾಕುವ ಮುಂಚೆ, ಯಾರಾದರೂ ಹತ್ತಿರವಿದ್ದರೆ, ಬಾಟಲಿ ಅವರ ಮೂಗಿಗೆ ಹಿಡಿದು, "ಇದು ಯಾವ ಎಣ್ಣೆ ನೋಡಿ ಹೇಳು" ಅನ್ನುತ್ತಿದ್ದಳು. ಮೂವತ್ತು ವರ್ಷ ದಾಟಿದ ಮೇಲೂ ಕೇಳುತ್ತಿದ್ದಳು. ಒಮ್ಮೆ ನನ್ನನ್ನೂ ಕೇಳಿದಳು. ನಾನು ಮೂಸಿ, ತೆಂಗಿನೆಣ್ಣೆ ಅಂದೆ.

ಅವಳು ತೀರಿಕೊಂಡ ಮೇಲೆ ಒಂದು ದಿನ ಭಾವನಿಗೆ ಎಲ್ಲ ಹೇಳಿದೆ. ಎಂಜಿನ್ ಹಾಳು ಮಾಡಿದ್ದು ನಾನು, ದಾರ ಬದಲಿಸಿದ್ದು ನಾನು, ತಪ್ಪಾಯಿತು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಎಂಜಿನ್ನು ಹೋಗ್ಲಿ ಮಾರಾಯ. ಇದನ್ನ ನಂಗೆ ಎಂತಕ್ಕೆ ಹೇಳ್ತೆ ನೀನು?"

ಹೌದು, ಅವರಿಗಲ್ಲ. ಅವರಿಗೆ ಹೇಳುವುದು ಸುಲಭವಾಗಿತ್ತು, ಅದಕ್ಕೇ ಹೇಳಿದೆ. ಯಾರ ಕೈಯ ಮೇಲೆ ಯಾರಿಗೂ ಅನುಮಾನ ಇರಲಿಲ್ಲವೋ, ಅವಳಿಗೇ ತನ್ನ ಕೈಯ ಮೇಲೆ ಅನುಮಾನ ಬರುವಂತೆ ಮಾಡಿದೆ. ಅವಳಲ್ಲಿ ಮಾತ್ರ ತಪ್ಪಾಯಿತು ಅನ್ನಲಿಲ್ಲ, ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ನನ್ನ ಅಕ್ಕನಲ್ಲಿ.