ದುಬೈ ಡಬ್ಬದ ಎಣ್ಣೆ

ನಿವೃತ್ತಿಯಾದ ಮೇಲೆ ನಮ್ಮ ಮಾವ ಒಂದು ಹಳೆಯ ಲಾರಿ ಕೊಂಡರು. ಯಾಕೆ ಅಂತ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಮೈಸೂರಿನಿಂದ ಮುಂಬಯಿಗೆ ಬಂದು ಆಫೀಸಿನ ಕುರ್ಚಿಯಲ್ಲೇ ಆಯುಷ್ಯ ಸವೆಸಿದವರು, ಒಂದು ಸ್ಕೂಟರನ್ನೂ ಇಟ್ಟವರಲ್ಲ. ಕೇಳಿದರೆ, "ಇಷ್ಟು ವರ್ಷ ಲೋಕಲ್ ಟ್ರೇನ್‌ನಲ್ಲಿ ನೇತಾಡಿದ್ದಾಯ್ತು, ನಂದೂ ಅಂತ ಒಂದು ಗಾಡಿ ಓಡಾಡ್ಲಿ" ಎಂದರು.

ಲಾರಿ ನಿಲ್ಲುತ್ತಿದ್ದದ್ದು ಕುರ್ಲಾದ ಗ್ಯಾರೇಜೊಂದರ ಪಕ್ಕದಲ್ಲಿ. ವಿಜಾಪುರದ ಕಡೆಯ ಡ್ರೈವರ್ ಅದನ್ನು ಪುಣೆ, ಸೊಲ್ಲಾಪುರದವರೆಗೆ ಓಡಿಸುತ್ತಿದ್ದ. ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಷರಟು ತೊಟ್ಟು ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಿಂದ ಹೊರಟರೆ, ಮಧ್ಯಾಹ್ನ ತೋಳಿಗೆಲ್ಲ ಗ್ರೀಸು ಮೆತ್ತಿಕೊಂಡು ಬರುತ್ತಿದ್ದರು. ಅತ್ತೆ ಗೊಣಗುತ್ತಾ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದರು.

ನಾನು ಆಗ ಒಂದು ಎಣ್ಣೆ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಎಂಜಿನ್ ಎಣ್ಣೆ, ಗೇರ್ ಎಣ್ಣೆ ಎಷ್ಟು ಮಂದ, ಕಾದರೆ ಎಷ್ಟು ತೆಳ್ಳಗಾಗುತ್ತದೆ ಎಂದು ನೋಡುವುದೇ ನನ್ನ ದಿನದ ಕೆಲಸ. ಮನೆಯವರ ಪಾಲಿಗೆ ಮಾತ್ರ ನಾನು "ಅದೇನೋ ಲ್ಯಾಬಿಗೆ ಹೋಗಿ ಬರುವವಳು". ಲಾರಿಯ ವಿಷಯದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮದುವೆಯಾಗಿ ಇನ್ನೂ ಹೊಸತು, ನಾನಾಗಿ ಬಾಯಿ ಹಾಕಲೂ ಇಲ್ಲ.

ಕಾರ್ಖಾನೆಯಲ್ಲಿ ರಸಾಯನಗಳಿಂದ ತಯಾರಿಸುವ ಸಿಂಥೆಟಿಕ್ ಎಂಜಿನ್ ಎಣ್ಣೆ ನಮ್ಮ ಅಂಗಡಿಗಳಲ್ಲಿ ಅಪರೂಪವಾಗಿದ್ದ ದಿನಗಳು ಅವು. ನಮ್ಮ ಮೇಲಿನ ಮನೆಯವರು ದುಬೈಯಿಂದ ರಜೆಗೆ ಬಂದಾಗ ಮಾವನಿಗೆಂದು ಅದರದೊಂದು ದೊಡ್ಡ ಡಬ್ಬ ತಂದುಕೊಟ್ಟರು. ಬೆಳ್ಳಿ ಬಣ್ಣ, ಮೇಲೊಂದು ರೇಸ್ ಕಾರಿನ ಚಿತ್ರ. ಮಾವ ಅದನ್ನು ಊಟದ ಮೇಜಿನ ಮೇಲಿಟ್ಟು ಸುತ್ತಲೂ ತಿರುಗಿಸಿ ನೋಡಿದರು. ಆಮೇಲೆ ಮೊದಲ ಸಲ ನನ್ನನ್ನು ಕರೆದರು.

"ಏನಮ್ಮಾ, ಇದನ್ನ ಎಂಜಿನ್‌ಗೆ ಹಾಕಿಸ್ಲಾ?"

ನಾನು ಡಬ್ಬದ ಹಿಂಬದಿ ಓದಿದೆ. "ಬೇಡ ಮಾವ. ಎಣ್ಣೆ ಒಳ್ಳೇದೇ. ಆದರೆ ಇದು ಪೆಟ್ರೋಲ್ ಕಾರಿಗೆ ಮಾಡಿರೋದು. ಡೀಸೆಲ್ ಎಂಜಿನ್ ಒಳಗೆ ಮಸಿ ಜಾಸ್ತಿ ಆಗುತ್ತೆ, ಅದನ್ನ ತಡೆದುಕೊಳ್ಳೋ ಎಣ್ಣೆಗೆ ಬೇರೆ ದರ್ಜೆ ಇದೆ. ಇದರ ಮೇಲೆ ಅದು ಬರೆದಿಲ್ಲ. ನಮ್ಮ ಗಾಡಿಯ ಸೀಲುಗಳೂ ಹಳೇವು, ಇಷ್ಟು ತೆಳು ಎಣ್ಣೆ ಹಾಕಿದ್ರೆ ಸೋರಿಹೋಗಬಹುದು."

ಮಾವ ಡಬ್ಬವನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟರು. ಅವತ್ತು ಊಟವನ್ನೂ ಬೇಗ ಮುಗಿಸಿ ಎದ್ದರು. ಅಷ್ಟು ನೇರವಾಗಿ ಹೇಳಬಾರದಿತ್ತೇನೋ ಅನಿಸಿತು. ಸ್ವಲ್ಪ ದಿನದಲ್ಲಿ ಡಬ್ಬ ಅಟ್ಟದ ಮೇಲೆ ಇರಲಿಲ್ಲ. ಮೇಲಿನವರಿಗೆ ವಾಪಸು ಕೊಟ್ಟಿರಬೇಕೆಂದುಕೊಂಡು ಸುಮ್ಮನಾದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಡ್ರೈವರ್ ಫೋನ್ ಮಾಡಿದ. ಲಾರಿ ಪುಣೆಯಿಂದ ಬರುವಾಗ ಪನ್ವೇಲಿನ ಹತ್ತಿರ ಚಕ್ರ ಬಿಸಿಯಾಗಿ ಸುಟ್ಟ ವಾಸನೆ ಬಂದಿತ್ತು. ಬ್ರೇಕ್ ಹಿಡಿದದ್ದು ಬಿಡುತ್ತಿರಲಿಲ್ಲ. ನಿಂತು ನಿಂತು ಹೇಗೋ ಕುರ್ಲಾ ಮುಟ್ಟಿಸಿದ್ದ. ಮಾವ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡಿ, "ನಿಂಗೆ ಇವತ್ತು ರಜೆ ಅಲ್ವೇನಮ್ಮ? ನೀನೂ ಬಾ" ಎಂದರು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಚಕ್ರ ಬಿಚ್ಚಿ ಬ್ರೇಕಿನ ಒಳಗಿನ ರಬ್ಬರುಗಳನ್ನು ಕಾಗದದ ಮೇಲೆ ಹರಡಿದ್ದ. ಬಟ್ಟಲಿನ ಹಾಗಿರಬೇಕಾದವು ಊದಿಕೊಂಡು ನೆನೆಸಿದ ಕಡಲೆಯಂತಾಗಿದ್ದವು. ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಬ್ರೇಕ್ ಎಣ್ಣೆ ತುಂಬೋ ಡಬ್ಬಿಗೆ ಏನು ಹಾಕಿದ್ರಿ?" ಎಂದು ಡ್ರೈವರನ್ನು ಕೇಳಿದೆ.

ಅವನು ತಲೆ ತಗ್ಗಿಸಿದ. "ಕಡಿಮಿ ಆಗಿತ್ರಿ ಅಕ್ಕಾರ. ಇದ್ದ ಎಣ್ಣಿ ಹಾಕೀನ್ರಿ. ನಂದ ತಪ್ಪಾತ್ರಿ."

"ಯಾವ ಎಣ್ಣೆ?"

ಅವನು ಮಾವನ ಕಡೆ ನೋಡಿ, ಮತ್ತೆ ನೆಲ ನೋಡಿದ. ಮೆಕ್ಯಾನಿಕ್ ಅವನಿಗೆ ಹಿಂದಿಯಲ್ಲಿ ಬೈಯತೊಡಗಿದ, ಹೀಗೆ ಮಾಡಿದರೆ ಘಾಟಿನಲ್ಲಿ ಹೆಣ ಬೀಳುತ್ತದೆ ಎಂದ. ಆಗ ಮಾವ ಕೈ ಎತ್ತಿದರು.

"ಅವನನ್ನ ಬೈಬೇಡಪ್ಪ. ನಾನೇ ಹಾಕು ಅಂದದ್ದು." ನನ್ನ ಕಡೆ ತಿರುಗಿದರು. "ಆ ದುಬೈ ಡಬ್ಬದ್ದು ಕಣಮ್ಮ. ಎಂಜಿನ್‌ಗೆ ಬೇಡ ಅಂದೆ ನೀನು. ಅಷ್ಟು ಒಳ್ಳೆ ಎಣ್ಣೆ ದಂಡ ಆಗುತ್ತಲ್ಲ ಅಂತ ಬ್ರೇಕಿಗಾದ್ರೂ ಇರ್ಲಿ ಅಂದೆ. ಅವನು ಕೇಳ್ದ, ಆಗುತ್ತೇನ್ರಿ ಅಂತ. ನಾನೇ ಜೋರು ಮಾಡ್ದೆ."

ಅವರ ಮುಖ ಬಿಳಿಚಿಕೊಂಡಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ಜನರೆದುರು ಸೊಸೆಗೆ ಹಾಗೆ ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ.

ಪಕ್ಕದ ಚಹಾದಂಗಡಿಯಿಂದ ಎರಡು ಗ್ಲಾಸು ನೀರು ತರಿಸಿದೆ. ಒಂದಕ್ಕೆ ಎಂಜಿನ್ ಎಣ್ಣೆ ಒಂದು ತೊಟ್ಟು ಹಾಕಿದೆ, ಮೇಲೆ ತೇಲಿತು. ಇನ್ನೊಂದಕ್ಕೆ ಹೊಸ ಸೀಸೆಯ ಬ್ರೇಕ್ ಎಣ್ಣೆ ಹಾಕಿ ಕದಡಿದೆ, ನೀರಿನಲ್ಲಿ ಕರಗಿಹೋಯಿತು.

"ಅಯ್ಯೋ, ಇದು ಎಣ್ಣೇನೇ ಅಲ್ವಲ್ಲ!" ಎಂದರು ಮಾವ.

"ಅಲ್ಲ ಮಾವ, ಹೆಸರಿಗೆ ಮಾತ್ರ ಎಣ್ಣೆ. ಇದೂ ಸಿಂಥೆಟಿಕ್ಕೇ, ಆದರೆ ಜಾತಿ ಬೇರೆ. ಬ್ರೇಕಿನ ರಬ್ಬರಿಗೆ ಇದೇ ಆಗಬೇಕು, ಎಂಜಿನ್ ಎಣ್ಣೆ ಬಿದ್ರೆ ಅದು ಊದಿಕೊಂಡು ಬ್ರೇಕ್ ಬಿಡೋದೇ ಇಲ್ಲ."

ಡ್ರೈವರ್ ಎರಡೂ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡಿ ನಕ್ಕ. "ನೋಡ್ರಿ ಸಾಹೇಬ್ರ, ಇಬ್ಬರೂ ಕೂಡೇ ಕಲ್ತಂಗಾತು."

ಅವತ್ತು ಬ್ರೇಕಿನ ಪೈಪುಗಳನ್ನೆಲ್ಲ ತೊಳೆಸಿ, ರಬ್ಬರು ಪೂರ್ತಿ ಬದಲಾಯಿಸಿದೆವು. ಆಮೇಲೆ ಮೂವರೂ ಅಂಗಡಿಗೆ ಹೋದೆವು. ಎಂಜಿನ್ನಿಗೆ ಡೀಸೆಲ್ ದರ್ಜೆಯ ಸಾಮಾನ್ಯ ಎಣ್ಣೆ, ಗೇರ್‌ಬಾಕ್ಸಿಗೆ ಮಂದ ಎಣ್ಣೆ, ಬ್ರೇಕಿಗೆ ಮುಚ್ಚಳ ಒಡೆಯದ ಸೀಸೆ. ಒಂದೊಂದನ್ನೂ ಮಾವ ನನ್ನ ಕೈಗೆ ಕೊಟ್ಟು, ನಾನು ಹೂಂ ಅಂದ ಮೇಲೆಯೇ ಚೀಲಕ್ಕೆ ಹಾಕಿಕೊಂಡರು. ಸಿಂಥೆಟಿಕ್ ಹಾಕಿಸಿಕೊಳ್ಳುವ ಯೋಗ ಆ ಎಂಜಿನ್ನಿಗೆ ಕೊನೆಗೂ ಬರಲಿಲ್ಲ.

ಮುಂದಿನ ಭಾನುವಾರದಿಂದ ಕುರ್ಲಾದ ಬೇರೆ ಲಾರಿಯವರು ನಮ್ಮ ಮನೆಗೆ ಬರತೊಡಗಿದರು, ಕೈಯಲ್ಲಿ ಎಂಥೆಂಥದೋ ಎಣ್ಣೆಯ ಸೀಸೆ ಹಿಡಿದುಕೊಂಡು. ಮಾವ ಬಾಗಿಲಲ್ಲೇ ಅವರನ್ನು ಕೂರಿಸಿ, "ಇರಿ, ನಮ್ಮ ಸೊಸೆ ಸ್ನಾನಕ್ಕೆ ಹೋಗಿದ್ದಾಳೆ, ಬಂದು ನೋಡ್ತಾಳೆ" ಎನ್ನುತ್ತಿದ್ದರು. ಅತ್ತೆ ಒಳಗಿನಿಂದ, "ಮನೆಯೆಲ್ಲ ಡೀಸೆಲ್ ವಾಸನೆ" ಎಂದು ಗೊಣಗುತ್ತಲೇ ಎಲ್ಲರಿಗೂ ಕಾಫಿ ಕಳಿಸುತ್ತಿದ್ದರು.