ಬೋಳುಬೋರೆಗೆ ಕಟ್ಟಿದ ಗಾಡಿ

ನನ್ನ ಪಟ್ಟಾಪಟ್ಟಿ ಚಡ್ಡಿಯನ್ನು ನನ್ನ ಹೆಂಡತಿ ಮತ್ತು ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಬೇರೆ ಯಾರೂ ನೋಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಿಳಿಗೆರೆಯಲ್ಲಿ, ತಿಪಟೂರಿನ ಬಸ್ಸಿನಲ್ಲಿದ್ದವರೆಲ್ಲ ನೋಡಿದರು. ಟಾಪಿನ ಮೇಲೆ ಕೂತಿದ್ದವರಿಗೆ ಇನ್ನೂ ಚೆನ್ನಾಗಿ ಕಂಡಿರಬೇಕು. ಬಸ್ಸಿನೊಳಗೆ ನನ್ನ ಒಂಬತ್ತನೆಯ ಕ್ಲಾಸಿನವರೂ ಕೆಲವರಿದ್ದರು ಎಂಬುದು ಸೋಮವಾರ, ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ತಿಳಿಯುತ್ತಿತ್ತು.

ಆದದ್ದು ಇಷ್ಟೆ. ಬಸ್ಸಿನಿಂದಿಳಿದ ನನ್ನನ್ನು ಮನೆಗೆ ಕರೆದೊಯ್ಯಲು ಆ ಊರಿನ ನನ್ನ ಹಳೆಯ ಶಿಷ್ಯ ತೋಂಟದಾರ್ಯ ತಾನೇ ಕಟ್ಟಿದ ಗಾಡಿ ತಂದಿದ್ದ. 'ಹತ್ತಿ ಮೇಷ್ಟ್ರೆ' ಅಂದ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ ನಾನು, ಬಸ್ಸಿನವರೆಲ್ಲ ನೋಡಲಿ ಎಂದು ಸ್ವಲ್ಪ ಠೀವಿಯಿಂದಲೇ ಒಂದು ಕಾಲನ್ನು ಮೇಲಿಟ್ಟೆ. ಪಂಚೆಯ ಚುಂಗು ಎಂಜಿನ್ನಿನ ಬೆಲ್ಟಿಗೆ ತಾಗಿತು. ಮಗು ಶಾವಿಗೆ ಎಳೆದುಕೊಳ್ಳುವ ಹಾಗೆ ಎಂಜಿನ್ನು ಸುರ್ರನೆ ಇಡೀ ಪಂಚೆಯನ್ನು ಎಳೆದುಕೊಂಡಿತು. ತೋಂಟದಾರ್ಯ ಎಂಜಿನ್ ನಿಲ್ಲಿಸಿ, ಬಗ್ಗಿ, ಬಹಳ ಹೊತ್ತು ಪರೀಕ್ಷೆ ಮಾಡಿ ಹೇಳಿದ:

'ಗಾಬ್ರಿ ಬೀಳ್ಬ್ಯಾಡಿ ಮೇಷ್ಟ್ರೆ. ಬೆಲ್ಟಿಗೆ ಏನೂ ಆಗಿಲ್ಲ.'

ಆಮೇಲೆ ಸೀಟಿನ ಕೆಳಗಿನಿಂದ ಒಂದು ಕೊಬ್ಬರಿ ಚೀಲ ಎಳೆದುಕೊಟ್ಟ. ಅದನ್ನು ಸುತ್ತಿಕೊಂಡು ನಾನು ಊರೊಳಗೆ ಮೆರವಣಿಗೆ ಹೋದೆ.

ಪಂಚೆಗೆ ಇಸ್ತ್ರಿ ಏಕೆ ಹಾಕಿಸಿದ್ದೆನೆಂದರೆ, ಅದಕ್ಕೂ ಕಾರಣವಿತ್ತು. ಅದರ ಹಿಂದಿನ ವಾರ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಸಿಕ್ಕ ತೋಂಟದಾರ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈ ಹಿಡಿದು ಕರೆದೊಯ್ದು, ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ್ದ. ಮುಳ್ಳು ನಿಂತ ಜಾಗ ನೋಡಿ ಅವನ ಮುಖ ಅರಳಿತು. 'ಚೆನ್ನಾಗೈತೆ' ಅಂದ. ನನ್ನ ತೂಕವನ್ನು ಅದುವರೆಗೆ ಯಾವ ಡಾಕ್ಟರೂ ಚೆನ್ನಾಗಿದೆ ಎಂದಿರಲಿಲ್ಲ. 'ಭಾನ್ವಾರ ಗಾಡಿ ಬೋರೆ ಹತ್ತಿಸ್ತೀನಿ. ನೀವಿಲ್ದೆ ಆಗಲ್ಲ, ಬರ್ಲೇಬೇಕು' ಅಂದ. ಮುಖ್ಯ ಅತಿಥಿ ಎಂದು ನಾನು ಅರ್ಥ ಮಾಡಿಕೊಂಡೆ. ಎರಡು ಮಾತು ಆಡಬೇಕಾಗಬಹುದೆಂದು ಸ್ನಾನ ಮಾಡುವಾಗ ತಯಾರಿಯನ್ನೂ ಮಾಡಿಕೊಂಡಿದ್ದೆ.

ಬೋಳುಬೋರೆ ಎಂದರೆ ತೋಂಟದಾರ್ಯನ ಮನೆಯ ಹಿಂದಿರುವ ಹಾಸುಬಂಡೆಯ ಗುಡ್ಡ. ಎಣ್ಣೆ ಹಚ್ಚಿದ ತಲೆಯ ಹಾಗೆ ನುಣ್ಣಗಿದೆ. ನೆತ್ತಿಯ ಮೇಲೆ ಮಾತ್ರ ತಟ್ಟೆಯಂತೆ ತಗ್ಗಾದ ಒಂದಿಷ್ಟು ಮಣ್ಣಿನ ಜಾಗ. ಅಲ್ಲಿ ಕಳ್ಳಿಯೂ ಬರುವುದಿಲ್ಲ ಎಂದು ಊರವರು ನಕ್ಕ ವರ್ಷವೇ ತೋಂಟದಾರ್ಯನ ದೊಡ್ಡಮ್ಮ ಹೊಂಬಾಳಮ್ಮ ಅಲ್ಲಿ ತೆಂಗಿನ ಸಸಿ ನೆಟ್ಟರು. ಬಂಡೆಯಲ್ಲಿ ಕಡಿದ ಪಾವಟಿಗೆ ಹತ್ತಿ, ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು, ವರ್ಷಗಟ್ಟಲೆ ನೀರು ಹಾಕಿದರು. ತಾಯಿಯಿಲ್ಲದ ತೋಂಟದಾರ್ಯನನ್ನು ಸಾಕಿದವರೂ ಅವರೇ. ಸಸಿಗಳು ಬದುಕಿದವು, ಇವನೂ ಬದುಕಿದ, ಅವರ ಕಾಲಿನ ಮಂಡಿ ಮಾತ್ರ ಹೋಯಿತು. ಮಂಡಿ ಹೋದ ಮೇಲೆ ಮರಗಳು ಹೊಂಬಾಳೆ ಬಿಟ್ಟವು, ಗೊನೆ ಕಟ್ಟಿದವು. ಅವರು ಒಂದನ್ನೂ ನೋಡಿರಲಿಲ್ಲ.

ಎತ್ತಿಕೊಂಡು ಹೋಗೋಣವೆಂದು ಊರಿನ ಗಟ್ಟಿ ಆಳುಗಳು ಮಂಚ ತಂದರು. ಮುದುಕಿ ಊರುಗೋಲು ಎತ್ತಿದರು.

'ನಾಕ್ ಜನ ಹೊತ್ಕಂಡು ಹೋಗೋ ದಿನ ಬತ್ತದೆ ಕಣ್ರಲಾ. ಅವತ್ತು ಬ್ಯಾಡ ಅನ್ನಾಕೆ ನನಗೆ ಬಾಯಿರಲ್ಲ. ಅಲ್ಲಿಗಂಟ ಯಾರೂ ನನ್ನ ನೆಲ ಬುಟ್ಟು ಎತ್ತಂಗಿಲ್ಲ.'

ತೋಂಟದಾರ್ಯನೂ ಅವರ ಕೈಯಲ್ಲೇ ಬೆಳೆದವನಲ್ಲವೆ. ದೊಡ್ಡಮ್ಮ ಆ ಮರದ ಬುಡದಲ್ಲಿ ಕೂತು ಮೊದಲ ಎಳನೀರು ಕುಡಿಯುವ ತನಕ ಅಲ್ಲಿಂದ ಒಂದು ಕಾಯಿಯನ್ನೂ ಕೆಡವುವುದಿಲ್ಲ ಎಂದುಬಿಟ್ಟ. ಮರ ಹತ್ತುವ ಗಂಗಯ್ಯ ಎಲ್ಲರ ತೋಟಕ್ಕೂ ಹೋಗುತ್ತಿದ್ದ. ಬೋರೆಯ ಮೇಲಿನ ಎಳೆಗಾಯಿಗಳು ಮಾತ್ರ ಬಲಿಯುತ್ತ ನಿಂತವು. 'ಕೊಬ್ಬರಿ ಆಗಿ ಉದುರ್ದಾಗ ಕುಡ್ಸು ಬುಡು' ಎಂದು ಊರು ಛೇಡಿಸಿತು.

ಆಗ ಹುಟ್ಟಿದ್ದು ಗಾಡಿ.

ಬಾವಿಗೆ ಕರೆಂಟು ಬಂದು ಹಳೆಯ ಡೀಸೆಲ್ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗೆ ಕೂರುವ ಜಾಗವಾಗಿತ್ತು. ತೋಂಟದಾರ್ಯ ಕೋಳಿ ಓಡಿಸಿದ. ಗುಜರಿಯಿಂದ ಮಿಲಿಟರಿ ಜೀಪಿನ ಅಚ್ಚು ಮತ್ತು ಗೇರ್ ಪೆಟ್ಟಿಗೆ ಬಂದವು. ಟ್ರ್ಯಾಕ್ಟರ್ ಟ್ರೇಲರಿನ ಚಕ್ರಗಳು ಬಂದವು. ಕೊಳವೆ ಬಾವಿಯ ಪೈಪು ಬಗ್ಗಿಸಿ ಮೈ ಕಟ್ಟಿದ. ಬಂಡೆಗೆ ಹೊಟ್ಟೆ ತಾಗಬಾರದೆಂದು ನೆಲದಿಂದ ಇಷ್ಟೆತ್ತರ ಎಬ್ಬಿಸಿದ, ಆಮೇಲೆ ಮಗುಚಬಾರದೆಂದು ಅಷ್ಟೇ ಅಗಲ ಮಾಡಿದ. ಒಟ್ಟಿನಲ್ಲಿ ಅದು ಕಾಲು ಕಿಸಿದು ನಿಂತ ಏಡಿಯ ಹಾಗಿತ್ತು. ಚಾಲಕನಿಗೊಂದು ಸೀಟು, ದೊಡ್ಡಮ್ಮನಿಗೊಂದು. ದೊಡ್ಡಮ್ಮನದಕ್ಕೆ ತೆಂಗಿನ ನಾರು ತುಂಬಿದ ಮೆತ್ತೆ.

ನಾನು ಪ್ರತಿ ಭಾನುವಾರ ಹೋಗಿ ಈ ಕೆಲಸಕ್ಕೆ ಬೆಂಬಲ ಕೊಡುತ್ತಿದ್ದೆ. ಬೆಂಬಲವೆಂದರೆ, ಅವನ ಹೆಂಡತಿ ಸಿದ್ದಗಂಗಮ್ಮ ಮಾಡುತ್ತಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಜಗಲಿಯ ಮೇಲೆ ಕೂತು ತಿನ್ನುವುದು. ಸ್ಪ್ಯಾನರು ಕೊಡಿ ಎಂದಾಗ ಸುತ್ತಿಗೆ ಕೊಡುತ್ತಿದ್ದೆ. ಆಮೇಲಾಮೇಲೆ ಅವನು ಕೇಳುವುದನ್ನೇ ಬಿಟ್ಟ. ಸಿದ್ದಗಂಗಮ್ಮನದು ಬೇರೆಯೇ ಗೋಳು.

'ನೋಡಿ ಮೇಷ್ಟ್ರೆ, ನನ್ನ ಈಚಲು ಚಾಪೆ ಅದ್ರಾಗೈತೆ. ನೀರೊಲೆ ಹಂಡೆ ಮುಚ್ಚಳ ಅದ್ರಾಗೈತೆ. ಇನ್ನು ಉಳಿದಿರೋಳು ನಾನೊಬ್ಳೇ. ಒಂದು ನಟ್ಟು ಹಾಕಿ ಬಿಗಿದುಬುಡಿ ಅನ್ನಿ.'

'ಅಳತೆ ಸರಿಹೋಗಲ್ಲ' ಅಂದ ಗಾಡಿಯ ಕೆಳಗಿನಿಂದ ತೋಂಟದಾರ್ಯ.

ಗಾಡಿ ಮೊದಲ ಸಲ ಅಂಗಳ ದಾಟಿದ ದಿನ ಅದರ ಸದ್ದಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತಿತು. ನಿಲ್ಲಿಸಬೇಕಾದಾಗ ತೋಂಟದಾರ್ಯ ಅದನ್ನು ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಲ್ಲಿಸುತ್ತಿದ್ದ. ಹೊಸ ವಾಹನದ ಪದ್ಧತಿ ಹೀಗಿರಬಹುದೆಂದು ನಾನು ಇನ್ನೊಂದು ರೊಟ್ಟಿ ಮುರಿದೆ.

ಹೀಗೆ ಎಲ್ಲ ಸಿದ್ಧವಾದ ಭಾನುವಾರ ನಾನು ಕೊಬ್ಬರಿ ಚೀಲ ಉಟ್ಟು ಇಳಿದೆ. ಜಗಲಿಯ ಮೇಲೆ ಹೊಸ ಸೀರೆ ಉಟ್ಟು ಕೂತಿದ್ದ ಹೊಂಬಾಳಮ್ಮ ನನ್ನನ್ನು ನೋಡಿದರು, ಗಾಡಿಯ ಬೆಲ್ಟಿಗೆ ಸುತ್ತಿಕೊಂಡಿದ್ದ ಪಂಚೆಯನ್ನು ನೋಡಿದರು, ತಮ್ಮ ಸೆರಗು ನೋಡಿಕೊಂಡರು.

'ಲೇ ತೋಂಟ, ಇದು ಮೇಷ್ಟ್ರ ಪಂಚೆನೇ ಬುಡ್ಲಿಲ್ಲ. ನನ್ನ ಸೀರೆ ಬುಡ್ತದಾ? ಈ ವಯಸ್ನಾಗೆ ನಾನು ಬೋರೆ ಮ್ಯಾಲೆ ಹೋಗಿ ಮಾನ ಕಳ್ಕಳಾಕಾಗಲ್ಲ. ಮೊದ್ಲು ಅದ್ರ ಬಾಯಿ ಕಟ್ಟು.'

ಎದ್ದು ಒಳಗೆ ಹೋದರು. ಅವತ್ತಿಗೆ ಅಷ್ಟೆ. ಮೇಲೆ ಕಾಯಿಗಳು ಇನ್ನೊಂದು ವಾರ ಬಲಿಯುತ್ತವಲ್ಲ ಎಂದು ತೋಂಟದಾರ್ಯನ ಮುಖ ಸಣ್ಣಗಾಯಿತು. ಅದಕ್ಕೆಲ್ಲ ನನ್ನ ಠೀವಿಯೇ ಕಾರಣ ಎಂದು ನಾನು ಹೇಳಿದರೆ ಅವನು ಒಪ್ಪಲಿಲ್ಲ. 'ಬುಡಿ. ನಿಮ್ಮ ಪಂಚೆ ಹೋಗಿದ್ದಕ್ಕೆ ದೊಡ್ಡಮ್ಮನ ಸೀರೆ ಉಳೀತು' ಅಂದ. ನನ್ನ ತ್ಯಾಗಕ್ಕೆ ಸಿಕ್ಕ ಸನ್ಮಾನ ಅದೊಂದೇ.

ಮುಂದಿನ ಭಾನುವಾರ ಹೋದಾಗ ಬೆಲ್ಟಿನ ಎರಡೂ ಕಡೆ ಎರಡು ಮೊರ ಎದುರುಬದುರಾಗಿ ತಂತಿಯಲ್ಲಿ ಬಿಗಿದಿದ್ದವು. ಸಿದ್ದಗಂಗಮ್ಮ ಅಕ್ಕಿಯನ್ನು ತಟ್ಟೆಯಲ್ಲಿ ಆರಿಸುತ್ತಿದ್ದರು. ಹೊಂಬಾಳಮ್ಮ ಬಂದು, ಮೊರದ ಸಂದಿಗೆ ತಮ್ಮ ಸೆರಗಿನ ತುದಿಯನ್ನು ಹಿಡಿದು ನೋಡಿದರು. ಎಂಜಿನ್ನು ಡುಗುಡುಗು ಎಂದಿತು, ಸೆರಗು ಅಲ್ಲಾಡಲಿಲ್ಲ. ಊರುಗೋಲನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಸೀಟಿನಲ್ಲಿ ಕೂತರು.

ಬೋರೆಯ ಬುಡದಲ್ಲಿ ತೋಂಟದಾರ್ಯ ನಿಂತ. ಬೆಳಗಿನಿಂದ ತೊಟ್ಟಿಯಲ್ಲಿ ನೆನೆಹಾಕಿದ್ದ ತೆಂಗಿನ ನಾರಿನ ಹಗ್ಗವನ್ನು ನಾಲ್ಕೂ ಚಕ್ರಕ್ಕೆ ಸುತ್ತಿದ. ಮರ ಹತ್ತುವಾಗ ಕಾಲಿಗೆ ಹಗ್ಗದ ಬಳೆ ಹಾಕಿಕೊಳ್ಳುವ ಗಂಗಯ್ಯ ಅದನ್ನು ನೋಡಿ, 'ನಂದೇ ಕಾಲು ಇದ್ದಂಗೈತಲ್ಲ' ಅಂದ.

ಗಾಡಿ ಹೊರಟಿತು. ನಮಗೆ ಸೀಟಿಲ್ಲದ್ದರಿಂದ ನಾನು, ಸಿದ್ದಗಂಗಮ್ಮ, ಗಂಗಯ್ಯ ಪಕ್ಕದ ಪಾವಟಿಗೆಯಲ್ಲಿ ಹತ್ತಿದೆವು. ನಾನು ಹತ್ತಿದೆನೆನ್ನುವುದು ಸೌಜನ್ಯದ ಮಾತು. ಗಂಗಯ್ಯ ಹಿಂದಿನಿಂದ ನೂಕುತ್ತಿದ್ದ. ಗಾಡಿ ಬಂಡೆಯ ಮೇಲೆ ಅಡಿ ಅಡಿಯಾಗಿ, ಏನೋ ಯೋಚನೆ ಮಾಡುವವರ ಹಾಗೆ ಏರಿತು. ನಡುವೆ ಬಂಡೆ ಹೊಟ್ಟೆಯ ಹಾಗೆ ಉಬ್ಬಿದ ಕಡೆ ನಿಂತುಬಿಟ್ಟಿತು. ಕಪ್ಪು ಹೊಗೆ, ಸುಟ್ಟ ನಾರಿನ ವಾಸನೆ. ಚಕ್ರ ಇದ್ದಲ್ಲೇ ತಿರುಗಿತು. ಒಂದು ಗೇಣು ಹಿಂದಕ್ಕೆ ಜಾರಿತು. ಸಿದ್ದಗಂಗಮ್ಮ ನನ್ನ ರಟ್ಟೆ ಹಿಡಿದುಕೊಂಡರು, ನಾನು ಗಂಗಯ್ಯನದನ್ನು ಹಿಡಿದುಕೊಂಡೆ.

'ಇಳೀತೀಯಾ ದೊಡ್ಡಮ್ಮ?' ಎಂದ ತೋಂಟದಾರ್ಯ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

'ಇಳಿಯಾಕೆ ಬಂದಿಲ್ಲ ಕಣೋ' ಎನ್ನುತ್ತ ಹೊಂಬಾಳಮ್ಮ ಊರುಗೋಲಿನಿಂದ ಎಂಜಿನ್ನಿನ ಬೆನ್ನಿಗೆ ಒಂದು ಬಿಟ್ಟರು. 'ಹೈ, ಹೈ. ನಡಿಯೇ. ಬಾಲ ಇದ್ದಿದ್ರೆ ಹಿಂಡ್ತಿದ್ದೆ ನಿಂಗೆ.'

ಆ ಏಟಿಗೋ, ಅದೇ ಹೊತ್ತಿಗೆ ತೋಂಟದಾರ್ಯ ಬದಲಿಸಿದ ಗೇರಿಗೋ, ಹಗ್ಗ ಬಂಡೆಯನ್ನು ಕಚ್ಚಿತು. ಏಡಿಗಾಡಿ ಎರಡು ಸಲ ಕೆಮ್ಮಿ, ಉಬ್ಬು ದಾಟಿ, ನೆತ್ತಿ ಸೇರಿತು. ನಾನು ಪಾವಟಿಗೆಯ ಮೇಲೆ ಕುಣಿದೆನಂತೆ. ಗಂಗಯ್ಯ ಅದನ್ನು ಇಂದಿಗೂ ಹೋಟೆಲಿನಲ್ಲಿ ಆಡಿ ತೋರಿಸುತ್ತಾನೆ.

ಮೇಲೆ ಗಾಳಿಗೆ ಗರಿಗಳು ಸರಬರ ಎನ್ನುತ್ತಿದ್ದವು. ಹೊಂಬಾಳಮ್ಮ ಮೊದಲ ಮರದ ಹತ್ತಿರ ಹೋಗಿ ಎರಡೂ ಕೈಯಿಂದ ತಬ್ಬಿದರು. ಬೆರಳು ಬೆರಳಿಗೆ ಮುಟ್ಟಲಿಲ್ಲ.

'ಕಂಕುಳಾಗೆ ಇಟ್ಕಂಡು ಬಂದಿದ್ದೆ ಕಣೇ ನಿನ್ನ' ಎಂದು ಮರಕ್ಕೆ ಹೇಳಿದರು.

ಗಂಗಯ್ಯ ಹತ್ತಿ, ಗೊನೆಯಲ್ಲಿ ಇನ್ನೂ ಎಳೆಯದಾಗಿ ಉಳಿದಿದ್ದ ಕಾಯಿ ಹುಡುಕಿ ಇಳಿಸಿದ. ಮರದ ಬುಡದಲ್ಲಿ ಕಾಲು ಚಾಚಿ ಕೂತು ಹೊಂಬಾಳಮ್ಮ ಎಳನೀರು ಎತ್ತಿದರು. ಅರ್ಧ ಬಾಯಿಗೆ, ಅರ್ಧ ಹೊಸ ಸೀರೆಗೆ. ತೋಂಟದಾರ್ಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಮುಖ ನೋಡಿದ.

'ಹೆಂಗೈತೆ?'

'ವಸಿ ಉಪ್ಪುಪ್ಪಗೈತೆ' ಎಂದು ಬಾಯಿ ಒರೆಸಿಕೊಂಡರು. 'ನಾನು ಸುರಿಸಿದ ಬೆವರೆಲ್ಲ ಎತ್ತಾಗೆ ಹೋಯ್ತೋ ಅನ್ಕಂಡಿದ್ದೆ. ಇಲ್ಲೇ ಮಡಗಿಕೊಂಡೈತೆ ನನ್ನ ಮಗಂದು.' ಹಾಗೆಂದು ಇನ್ನೊಂದು ಕೇಳಿದರು. ಆಮೇಲೆ ಮತ್ತೊಂದು. ನಾವೂ ಕುಡಿದೆವು. ನನಗಂತೂ ಸಕ್ಕರೆಯ ಹಾಗಿತ್ತು.

ಬಿಸಿಲು ಏರಿತು. ಹೊಂಬಾಳಮ್ಮ ಮತ್ತೆ ಸೀಟಿನಲ್ಲಿ ಕೂತು, ಮಡಿಲಲ್ಲಿ ಎರಡು ಕಾಯಿ ಇಟ್ಟುಕೊಂಡರು. ಮುಖ್ಯ ಅತಿಥಿಯ ಭಾಷಣಕ್ಕೆ ಇದೇ ಸಮಯವೆಂದು ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ತೋಂಟದಾರ್ಯ ಒಂದು ದಪ್ಪ ಹಗ್ಗ ತಂದು, ಒಂದು ತುದಿಯನ್ನು ಗಾಡಿಯ ಹಿಂದಿನ ಕೊಕ್ಕೆಗೆ ಕಟ್ಟಿ, ಇನ್ನೊಂದನ್ನು ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ಮೇಷ್ಟ್ರು ಇಳಿಯುವಾಗ ಜಾರಿಬಿಟ್ಟಾರೆಂದು ಎಷ್ಟು ಕಾಳಜಿ ಈ ಹುಡುಗನಿಗೆ, ಎಂದು ನನ್ನ ಕಣ್ಣು ತುಂಬಿ ಬಂತು. ಅದೇ ಕಣ್ಣಿನಿಂದ ಕೆಳಗಿನ ಇಳಿಜಾರನ್ನು ನೋಡಿದೆ. ಅಲ್ಲಿ ಹುಲ್ಲಿನ ಮೆದೆ ಎಲ್ಲಿಯೂ ಇರಲಿಲ್ಲ.

'ಅಲ್ಲಯ್ಯ ತೋಂಟದಾರ್ಯ, ಈ ಗಾಡಿಗೆ ಬ್ರೇಕು ಎಲ್ಲಿದೆ?'

ಅವನು ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. ಕೊಬ್ಬರಿ ಮಂಡಿಯಲ್ಲಿ ತೂಗುವ ಮುಂಚೆ ನೋಡಿದ ಹಾಗೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

'ಈಗ ಮಾತಾಡ್ತು ನೋಡಿ ಮೇಷ್ಟ್ರೆ, ಅದೇಯ ಬ್ರೇಕು.'