ಇನ್ಸ್‌ಪೆಕ್ಟರ್ ಮನೆಯ ಮುದಿ ಬೆಕ್ಕು

ಬಳ್ಳಾರಿಯಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಹಾಲಸಿದ್ದಪ್ಪನವರು ಕುಡಿಯುವ ನೀರನ್ನು ಎರಡು ಸಲ ಕುದಿಸುತ್ತಿದ್ದರು, ಬೀಗರು ಬಂದರೂ ಕುಶಲಕ್ಕಿಂತ ಮೊದಲು "ಕಾಲು ತೊಳಕೊಂಡ್ರೇನು?" ಎಂದು ವಿಚಾರಿಸುತ್ತಿದ್ದರು, ಊರಿಗೆ ಪ್ಲೇಗು ಮರಳಿ ಬಾರದಿದ್ದುದು ತಮ್ಮ ಫಿನಾಯಿಲಿಗೆ ಹೆದರಿಯೇ ಎಂದು ಬಲವಾಗಿ ನಂಬಿದ್ದರು. ಕುರುಗೋಡಿನಲ್ಲಿ ಅಕ್ಕ ತೀರಿಕೊಂಡಾಗ ಆಕೆಯ ಮುದಿ ಬೆಕ್ಕನ್ನು ಮನೆಗೆ ತಂದು, ಅದಕ್ಕೂ ಬೇರೆ ತಟ್ಟೆ, ಬೂದಿಯ ಬುಟ್ಟಿ, ಊಟದ ವೇಳೆ ಎಲ್ಲವನ್ನೂ ಗೊತ್ತುಮಾಡಿದರು. ಬೆಕ್ಕು ಮಂಚದಡಿ ಸೇರಿ ಮೂರು ದಿನ ಹಾಲು ಮುಟ್ಟಲಿಲ್ಲ. "ನಿಮ್ಮ ಕಾಯ್ದೆ ಅದಕ್ಕೇನು ತಿಳೀತೈತ್ರಿ? ಹಿಂಗಾದ್ರ ಜೀವ ಬಿಡತೈತಿ. ನಿಮ್ಮಕ್ಕನ ಕೌದಿ ತಂದೀರಲ್ಲ, ಹಾಸ್ರಿ. ಆಕಿ ವಾಸನಿ ಹಿಡದು ತಾನ ಹೊರಗ ಬರತೈತಿ" ಎಂದರು ಹೆಂಡತಿ ದಾಕ್ಷಾಯಣಮ್ಮ. ಇನ್ಸ್‌ಪೆಕ್ಟರ ದನಿ ಮೊದಲ ಸಲ ಕುಗ್ಗಿತು: "ಬಂದ ದಿನಾನ ಸೋಡಾ ಹಾಕಿ ಕುದಿಸಿಬಿಟ್ಟೀನಲ್ಲ." ಆದರೂ ಹಾಸಿದರು. ಬೆಕ್ಕು ಮೆಲ್ಲಗೆ ಬಂದು, ಕೌದಿಯ ನಾಲ್ಕೂ ಮೂಲೆ ಮೂಸಿ ನೋಡಿ, ಮತ್ತೆ ಮಂಚದಡಿ ಹೋಯಿತು. ಹೆಂಡತಿ ಒಳಗೆ ಹೋಗುವವರೆಗೂ ಕಾದಿದ್ದ ಹಾಲಸಿದ್ದಪ್ಪನವರು ಮೊಣಕಾಲೂರಿ ಕೌದಿಗೆ ತಾವೂ ಮುಖ ಒತ್ತಿದರು. ಎಷ್ಟು ಮೂಸಿದರೂ ಬರೀ ಸೋಡಾದ ವಾಸನೆ. ಅಕ್ಕ ಎಲ್ಲಿಯೂ ಇರಲಿಲ್ಲ.